ಟಿವಿ ರೆಕಾರ್ಡಿಂಗನ್ನು ಡಿವಿಡಿ ಮಾಡಿಸಲು ಕೊಡುವ ಮೊದಲು ಇದನ್ನು ಓದಿ

ಸೆಟ್‌ಟಾಪ್ ಬಾಕ್ಸ್‌ನಲ್ಲಿ ರೆಕಾರ್ಡ್ ಮಾಡಿದ್ದನ್ನು ಡಿವಿಡಿ ಮಾಡಿಸಲು ಅಂಗಡಿಗೆ ಕೊಡುತ್ತೀರಾ? ಹಾಗಿದ್ದರೆ ಮೊದಲು ಅದರ ಕಾಪಿ ತೆಗೆದಿಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಆದದ್ದು ಇನ್ನೊಬ್ಬರಿಗೆ ಆಗಬಾರದು.

ನಮ್ಮ ದೊಡ್ಡಪ್ಪ ಮದ್ದಲೆ ನುಡಿಸಿದ್ದ ಯಕ್ಷಗಾನ ಒಂದು ಮಳೆಗಾಲದಲ್ಲಿ ಚಂದನದಲ್ಲಿ ಬಂದಿತ್ತು. ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಫ್ರೀ ಡಿಶ್ ಬಾಕ್ಸ್‌ಗೆ ಪೆನ್‌ಡ್ರೈವ್ ಹಾಕಿ ಅಣ್ಣ ರೆಕಾರ್ಡ್ ಮಾಡಿದ್ದ. ಮಳೆ ಜೋರಾದಾಗ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು. ಉಳಿದಂತೆ ಚೆನ್ನಾಗಿಯೇ ಬಂದಿತ್ತು. ಈಗ ದೊಡ್ಡಪ್ಪ ಇಲ್ಲ. ದೊಡ್ಡಮ್ಮನಿಗೆ ಡಿವಿಡಿ ಪ್ಲೇಯರ್ ಮಾತ್ರ ಹಾಕಲು ಬರುತ್ತದೆ. ಅದಕ್ಕೇ ಶಿವಮೊಗ್ಗದ ಒಂದು ಅಂಗಡಿಗೆ ಕೊಟ್ಟೆವು.

"ಕನ್ವರ್ಟ್ ಮಾಡಿ ಕೊಡ್ತೀವಿ ಅಕ್ಕ, ಒರಿಜಿನಲ್‌ಗಿಂತ ಕ್ಲಿಯರ್ ಬರುತ್ತೆ" ಎಂದರು. ಈ ಮಾತು ಯಾರಾದರೂ ಹೇಳಿದರೆ ಪೆನ್‌ಡ್ರೈವ್ ವಾಪಸ್ ಇಸ್ಕೊಂಡು ಬನ್ನಿ.

ಡಿಸ್ಕ್ ಹಾಕಿ ನೋಡಿದರೆ ಎಲ್ಲರ ಮುಖ ಅಡ್ಡಕ್ಕೆ ಎಳೆದ ಹಾಗಿತ್ತು. ವೇಷಧಾರಿ ಮಂಡಿ ಹಾಕಿ ತಿರುಗುವಾಗ ಮೈತುಂಬ ಬಾಚಣಿಗೆ ಹಲ್ಲಿನಂಥ ಗೆರೆ. ಎಲ್ಲಕ್ಕಿಂತ ನೋವಾದದ್ದು ಶಬ್ದದ ವಿಷಯ. ಶುರುವಿನಲ್ಲಿ ಸರಿ ಇತ್ತು. ಹೋಗ್ತಾ ಹೋಗ್ತಾ ಪೆಟ್ಟು ಮೊದಲು ಕೇಳುತ್ತದೆ, ದೊಡ್ಡಪ್ಪನ ಕೈ ಆಮೇಲೆ ಬೀಳುತ್ತದೆ. ದೊಡ್ಡಮ್ಮ ಪೂರ್ತಿ ನೋಡಲೇ ಇಲ್ಲ. ಮತ್ತೆ ಮಾಡಿಕೊಡಿ ಎಂದು ಹೋದರೆ ಪೆನ್‌ಡ್ರೈವ್ ಖಾಲಿ. "ಫಾರ್ಮ್ಯಾಟ್ ಮಾಡಿದ್ವಿ, ಡಿವಿಡಿಲಿ ಇದೆಯಲ್ಲ ಅಕ್ಕ" ಅಂದರು.

ಇಷ್ಟೆಲ್ಲ ಹಾಳು ಮಾಡುವ ಅಗತ್ಯವೇ ಇರಲಿಲ್ಲ. ನಮ್ಮ ರೆಕಾರ್ಡಿಂಗ್ ಇದ್ದದ್ದು ಎಂಪೆಗ್-2ರಲ್ಲಿ, ಅಂದರೆ ವಿಡಿಯೊವನ್ನು ಕುಗ್ಗಿಸಿ ಇಡುವ ಒಂದು ವಿಧಾನದಲ್ಲಿ. ಡಿವಿಡಿಗೆ ಬೇಕಾದದ್ದೂ ಎಂಪೆಗ್-2. ಚಿತ್ರ, ಶಬ್ದ ಸೇರಿಸಿ ಕಟ್ಟುವ ರೀತಿ ಮಾತ್ರ ಬೇರೆ: ಟಿವಿಯದು ಟ್ರಾನ್ಸ್‌ಪೋರ್ಟ್ ಸ್ಟ್ರೀಮ್, ಡಿವಿಡಿಯದು ಪ್ರೋಗ್ರಾಂ ಸ್ಟ್ರೀಮ್. ಒಳಗಿನ ಚಿತ್ರವನ್ನು ಮುಟ್ಟದೆ ಹೊರಗಿನ ಕಟ್ಟನ್ನು ಬದಲಿಸಿದರೆ ಸಾಕು. ಅಂಗಡಿಯವರು ಅದನ್ನು ಎಂಪಿ4 ಮಾಡಿ, ಅದರಿಂದ ಮತ್ತೆ ಡಿವಿಡಿ ಮಾಡಿದ್ದರು. ಎರಡೆರಡು ಸಲ ಎನ್‌ಕೋಡ್ ಮಾಡಿದರೆ, ಅಂದರೆ ಹೊಸದಾಗಿ ಕುಗ್ಗಿಸಿದರೆ, ಚಿತ್ರದಲ್ಲಿ ಏನು ಉಳಿಯುತ್ತದೆ ಹೇಳಿ.

ನಮ್ಮ ಮಲೆನಾಡಿನವರು ಮಳೆ ವಿಷಯ ತಿಳಿದಿರಲೇಬೇಕು. ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ ಅಂದರೆ 188 ಬೈಟ್‌ಗಳ ಸಣ್ಣ ಸಣ್ಣ ಪ್ಯಾಕೆಟ್‌ಗಳು. ಜೋರು ಮಳೆಗೆ ಸಿಗ್ನಲ್ ಸೋತಾಗ ಕೆಲವು ಪ್ಯಾಕೆಟ್ ಕಳೆದುಹೋಗುತ್ತವೆ. ಆ ಖಾಲಿ ಜಾಗ ತುಂಬದೆ ಚಿತ್ರ, ಶಬ್ದ ಬೇರೆ ಮಾಡಿ ಜೋಡಿಸಿದರೆ ಪ್ಯಾಕೆಟ್ ಕಳೆದ ಪ್ರತಿ ಕಡೆಯೂ ಶಬ್ದ ಸ್ವಲ್ಪ ಸ್ವಲ್ಪ ಸರಿಯುತ್ತದೆ. ಪ್ರಾಜೆಕ್ಟ್ ಎಕ್ಸ್ ಎಂಬ ಉಚಿತ ಸಾಫ್ಟ್‌ವೇರ್ ಇದೆ, ಹಳೆಯದು. ಅದು ಸಮಯದ ಗುರುತು ನೋಡಿಕೊಂಡು ಆ ಜಾಗ ತುಂಬಿ, ಎರಡನ್ನೂ ತಾಳೆ ಮಾಡಿ ಕೊಡುತ್ತದೆ. ಆಮೇಲೆ ಡಿವಿಡಿಆಥರ್ ಎಂಬ ಸಾಫ್ಟ್‌ವೇರ್‌ನಲ್ಲಿ ಡಿಸ್ಕ್ ಕಟ್ಟಬಹುದು.

ಎಲ್ಲ ರೆಕಾರ್ಡಿಂಗನ್ನೂ ಹೀಗೆ ಎನ್‌ಕೋಡ್ ಇಲ್ಲದೆ ಹಾಕಲು ಆಗುವುದಿಲ್ಲ. ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋ ಎಂಬ ಸಾಫ್ಟ್‌ವೇರ್‌ನಲ್ಲಿ ತೆರೆದು ನೋಡಿ. ಎಂಪೆಗ್-2, ಚಿತ್ರದ ಅಳತೆ 720x576 ಅಥವಾ 704x576, ಶಬ್ದ 48 ಕಿಲೋಹರ್ಟ್ಸ್ ಇದ್ದರೆ ಸಾಮಾನ್ಯವಾಗಿ ಹಾಗೇ ಹಾಕಬಹುದು. 544x576 ಇದ್ದರೆ ಡಿವಿಡಿ ನಿಯಮಕ್ಕೆ ಹೊಂದುವುದಿಲ್ಲ. ಎಚ್‌ಡಿ ಅಥವಾ ಎಂಪೆಗ್-4 ಇದ್ದರೆ ಮತ್ತೆ ಎನ್‌ಕೋಡ್ ಮಾಡಲೇಬೇಕು, ಬೇರೆ ದಾರಿ ಇಲ್ಲ.

ನಮಗೆ ಅರ್ಧ ಸಿಕ್ಕಿತು. ಪೆನ್‌ಡ್ರೈವನ್ನು ಫ್ಯಾಟ್32 ಎಂಬ ರೀತಿಯಲ್ಲಿ ಫಾರ್ಮ್ಯಾಟ್ ಮಾಡಿದ್ದರೆ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ, ಅದಕ್ಕೇ ಬಾಕ್ಸ್ ಅದನ್ನು ಎರಡು ತುಂಡು ಮಾಡಿತ್ತು. ಮೊದಲ ತುಂಡು ಚಿಕ್ಕಪ್ಪನ ಮಗಳ ಲ್ಯಾಪ್‌ಟಾಪ್‌ನಲ್ಲಿ ಉಳಿದಿತ್ತು. ಅದನ್ನು ಅವಳೇ ಮೇಲೆ ಹೇಳಿದಂತೆ ಮಾಡಿಕೊಟ್ಟಳು. ಮುಖ ಸರಿಯಾಗಿದೆ, ಪೆಟ್ಟು ಕೇಳುವ ಹೊತ್ತಿಗೇ ಕೈ ಬೀಳುತ್ತದೆ. ಎರಡನೇ ತುಂಡು ಹೋಯಿತು. ಯುದ್ಧದ ಪದ್ಯಗಳೆಲ್ಲ ಅದರಲ್ಲೇ ಇದ್ದವು.

ಅಂಗಡಿಗೇ ಕೊಡುವುದಾದರೆ ರೆಕಾರ್ಡಿಂಗ್‌ನ ಎಲ್ಲ ತುಂಡನ್ನೂ ಕಂಪ್ಯೂಟರ್‌ಗೆ ಹಾಕಿಕೊಂಡು, ತೆರೆದು ನೋಡಿ, ಆಮೇಲೆ ಕೊಡಿ. "ಮತ್ತೆ ಎನ್‌ಕೋಡ್ ಮಾಡ್ತೀರಾ, ಇಲ್ವಾ?" ಎಂದು ನೇರವಾಗಿ ಕೇಳಿ. ದುಡ್ಡು ಕೊಡುವ ಮೊದಲು ಅಲ್ಲೇ ಡಿಸ್ಕ್ ಹಾಕಿಸಿ. ಶುರುವಿನದು ನೋಡಿ ಪ್ರಯೋಜನವಿಲ್ಲ, ಕೊನೆಯ ಹತ್ತು ನಿಮಿಷ ನೋಡಿ. ಶಬ್ದ ಜಾರಿದ್ದರೆ ಗೊತ್ತಾಗುವುದು ಅಲ್ಲೇ.