ಹುಲ್ಲಿನ ಕಿರು ರನ್‌ವೇಗೆ ಯಾವುದು: ಸೂಪರ್ ಕಬ್ಬೋ, ಸೆಸ್ನಾ 172ಓ?

ಹೆಚ್ಚಾಗಿ ಹುಲ್ಲಿನ ಮೇಲೇ ಇಳಿಯುವವರಾದರೆ ನನ್ನ ಒಲವು ಪೈಪರ್ ಸೂಪರ್ ಕಬ್ ಕಡೆಗೆ. ಹಗುರ ವಿಮಾನ, ನಿಧಾನಗತಿಯಲ್ಲಿ ಇಳಿಯುತ್ತದೆ. ಬಾಲದಡಿ ಚಕ್ರವಿರುವುದರಿಂದ ಪ್ರೊಪೆಲ್ಲರ್ ನೆಲದಿಂದ ಸಾಕಷ್ಟು ಮೇಲಿರುತ್ತದೆ. ಗುಂಡಿಗೆ ಸಿಕ್ಕಿ ಮುರಿಯಲು ಮೂತಿಯ ಚಕ್ರವೇ ಇಲ್ಲ. ಆದರೆ ಸೀಟು ಎರಡೇ, ಅದೂ ಒಂದರ ಹಿಂದೊಂದು. ಅಡ್ಡಗಾಳಿಯಲ್ಲಿ ಪೆಡಲ್ ಮೇಲಿನ ಕಾಲು ಕೊಂಚ ಮೈಮರೆತರೂ ಗಿರ್ರನೆ ತಿರುಗಿಬಿಡುತ್ತದೆ. ಬಾಲಚಕ್ರದ ತರಬೇತಿ ಇಲ್ಲದೆ ಇದರ ಸಹವಾಸ ಬೇಡ.

ಸೆಸ್ನಾ 172ರಲ್ಲಿ ನಾಲ್ವರು ಕೂರಬಹುದು, ಇಳಿದ ಮೇಲೆ ನೇರ ಓಡುತ್ತದೆ. ಮೂತಿಯ ಚಕ್ರವೇ ಅದರ ದುರ್ಬಲ ಜಾಗ: ನೆಲ ಮುಟ್ಟಿದ ಮೇಲೂ ಯೋಕ್ (ಪೈಲಟ್ ಕೈಯಲ್ಲಿರುವ ನಿಯಂತ್ರಣ ಹಿಡಿ) ಹಿಂದಕ್ಕೆಳೆದೇ ಹಿಡಿದಿರಬೇಕು. 172ಎಸ್ ಮಾದರಿಯ ಕೈಪಿಡಿಯ ಪ್ರಕಾರ, ಒದ್ದೆಯಿಲ್ಲದ ಹುಲ್ಲಿನ ಮೇಲೆ ಇಳಿಯುವಾಗ ನೆಲದ ಮೇಲೆ ಓಡುವ ದೂರಕ್ಕೆ 45% ಸೇರಿಸಿ ಲೆಕ್ಕ ಹಾಕಬೇಕು. ಹುಲ್ಲು ಒದ್ದೆಯಿದ್ದರೆ ಎರಡರಲ್ಲೂ ಬ್ರೇಕನ್ನು ನೆಚ್ಚಿಕೊಳ್ಳಬೇಡಿ.