ನ್ಯೂಸ್ ಆ್ಯಪ್, ವಾಟ್ಸಾಪ್ ಗ್ರೂಪ್, ಪೇಪರ್, ಫೀಡ್ ರೀಡರ್: ಸುದ್ದಿಯ ಕಾಟಕ್ಕೆ ಯಾವುದು ವಾಸಿ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫೀಡ್ ರೀಡರ್‌ಗೆ, ಅಂದರೆ ನಾವೇ ಆರಿಸಿದ ಸೈಟುಗಳ ಹೊಸ ಬರಹಗಳನ್ನು ಒಂದೇ ಪಟ್ಟಿಯಲ್ಲಿ ತಂದುಕೊಡುವ ಆ್ಯಪ್‌ಗೆ. ಫೋನಿನ ತುಂಬ ಸುದ್ದಿ, ಆದರೆ ಬೇಕಾದದ್ದು ಮಾತ್ರ ಹೊತ್ತಿಗೆ ಸಿಗುವುದಿಲ್ಲ ಅನ್ನುವವರು ಬಹಳ ಜನ ಇದ್ದೀರಿ. ನಾನೂ ಅವರಲ್ಲೊಬ್ಬ. ನಾಲ್ಕನ್ನೂ ಬಳಸಿ ನೋಡಿದ ಮೇಲೆ ಬಂದ ತೀರ್ಮಾನ ಇದು.

ನ್ಯೂಸ್ ಆ್ಯಪ್‌ನಿಂದ ಶುರು ಮಾಡುತ್ತೇನೆ, ಯಾಕೆಂದರೆ ದುಡ್ಡು ಹೋದದ್ದು ಅಲ್ಲೇ. ಜಾಹೀರಾತಿನ ಕಾಟ ತಪ್ಪಲಿ ಅಂತ ಒಂದು ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದೆ. ಜಾಹೀರಾತು ಹೋಯಿತು. ನೋಟಿಫಿಕೇಶನ್ ಹೋಗಲಿಲ್ಲ.

ನಾವಿರುವುದು ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ. ಜುಲೈ ಬಂತೆಂದರೆ ಸಂಜೆ ಹೊತ್ತು ಮಕ್ಕಳಿರುವ ಮನೆಗಳಲ್ಲೆಲ್ಲ ಒಂದೇ ಪ್ರಶ್ನೆ: ನಾಳೆ ಶಾಲೆ ಇದೆಯಾ? ಜಿಲ್ಲಾಡಳಿತದ ಆದೇಶದಲ್ಲಿ ನಮಗೆ ಬೇಕಾದದ್ದು ಸ್ವಲ್ಪವೇ. ಯಾವ ತಾಲ್ಲೂಕು, ಯಾವ ದಿನ, ಅಂಗನವಾಡಿಗೆ ಮಾತ್ರವೋ ಪಿಯು ಕಾಲೇಜಿಗೂ ಉಂಟೋ, ಅಷ್ಟು. ಆ್ಯಪ್ ಕಳಿಸುವುದು ಹೀಗೆ: "ಭಾರಿ ಮಳೆ: ಈ ಜಿಲ್ಲೆಯ ಶಾಲೆಗಳಿಗೆ ನಾಳೆ ರಜೆ!" ಯಾವ ಜಿಲ್ಲೆ? ಒತ್ತಿಯೇ ನೋಡಬೇಕು. ಒತ್ತಿದರೆ ಮೊದಲು ಮಳೆಯ ವರ್ಣನೆ, ಆಮೇಲೆ ಡ್ಯಾಮಿನ ಚಿತ್ರ, ಆಮೇಲೆ 'ಇದನ್ನೂ ಓದಿ', ಕಟ್ಟಕಡೆಗೆ ಕೊಡಗು. ಸ್ವಲ್ಪ ಹೊತ್ತು ಬಿಟ್ಟು ಅದೇ ಕೊಡಗು ಇನ್ನೊಂದು ತಲೆಬರಹ ಹೊತ್ತು ಬರುತ್ತದೆ.

ಇದರ ನಿಜವಾದ ಅಪಾಯ ಬೇರೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 204.4 ಮಿ.ಮೀ.ಗಿಂತ ಜಾಸ್ತಿ ಬಿದ್ದರೆ ಅದು ಅತ್ಯಂತ ಭಾರಿ ಮಳೆ. ಮಲೆನಾಡಿನಲ್ಲಿ ಅಂಥ ದಿನ ಬಂದೇ ಬರುತ್ತದೆ, ಆ ದಿನದ ರೆಡ್ ಅಲರ್ಟ್ ನಮಗೆ ಗೊತ್ತಾಗಲೇಬೇಕು. ಆದರೆ ದಿನವಿಡೀ ಕಿರುಚುವ ಫೋನಿನಲ್ಲಿ ಅದನ್ನೂ ಉಳಿದವುಗಳ ಜೊತೆ ಬೆರಳಲ್ಲಿ ಸರಿಸಿಬಿಡುತ್ತೇವೆ.

ಆಫ್ ಮಾಡಬಹುದಲ್ವಾ ಅನ್ನಬಹುದು. ಆಂಡ್ರಾಯ್ಡ್ 8ರಿಂದ ಆ ಅನುಕೂಲ ಇದೆ. ನೋಟಿಫಿಕೇಶನ್ ಮೇಲೆ ಒತ್ತಿ ಹಿಡಿದರೆ ಆ ಬಗೆಯದ್ದನ್ನಷ್ಟೇ ನಿಲ್ಲಿಸಬಹುದು, ಆ್ಯಪ್‌ನವರು ಬಗೆಬಗೆಯಾಗಿ ವಿಂಗಡಿಸಿಟ್ಟಿದ್ದರೆ. ಸಿನಿಮಾ, ಜ್ಯೋತಿಷ್ಯ, ಕ್ರಿಕೆಟ್ ಎಲ್ಲ ಮುಚ್ಚಿ 'ನಮ್ಮ ಜಿಲ್ಲೆ' ಒಂದನ್ನೇ ಉಳಿಸಿಕೊಂಡೆ. ಆ್ಯಪ್ ಅಪ್‌ಡೇಟ್ ಆಯಿತು. 'ನಿಮಗಾಗಿ' ಅಂತ ಹೊಸ ಬಗೆಯೊಂದು ಹುಟ್ಟಿಕೊಂಡಿತು, ಹುಟ್ಟುವಾಗಲೇ ಆನ್. ಮುಚ್ಚಿದ್ದ ಸಿನಿಮಾ, ಜ್ಯೋತಿಷ್ಯ ಅದರೊಳಗಿಂದ ವಾಪಸ್ ಬಂದವು. ಕಸ್ಟಮರ್ ಕೇರ್‌ಗೆ ಬರೆದರೆ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ ಎಂಬ ಉತ್ತರ. ಚಂದಾ ಕಟ್ಟಿದವರನ್ನೂ ಹೀಗೆ ಕಾಡುವುದು ಸರಿಯಲ್ಲ. ದುಡ್ಡು ಕೊಡುವುದೇ ನೆಮ್ಮದಿಯಾಗಿ ಓದುವುದಕ್ಕೆ.

ವಾಟ್ಸಾಪ್ ಗ್ರೂಪ್‌ನಲ್ಲಿ ಸುದ್ದಿ ಬೇಗ ಬರುತ್ತದೆ. ಹೋದ ವರ್ಷದ ರಜೆ ಆದೇಶವೂ ತಾರೀಖು ಕತ್ತರಿಸಿಕೊಂಡು ಅಷ್ಟೇ ಬೇಗ ಬರುತ್ತದೆ. ನಮ್ಮ ಮಟ್ಟಿಗೆ ಪರಿಹಾರ ಸುಲಭ: ಶಾಲೆಯ ಗ್ರೂಪ್ ಒಂದನ್ನು ಬಿಟ್ಟು ಉಳಿದವೆಲ್ಲ ಆರ್ಕೈವ್. 2021ರಿಂದ ಆರ್ಕೈವ್‌ಗೆ ಹಾಕಿದ ಗ್ರೂಪ್ ಹೊಸ ಮೆಸೇಜ್ ಬಂದರೂ ಮೇಲೆದ್ದು ಬರುವುದಿಲ್ಲ.

ಪೇಪರ್ ಚೆನ್ನಾಗಿಯೇ ಇದೆ. ಅಪ್ಪ ಓದುತ್ತಾರೆ, ನಿಲ್ಲಿಸುವ ಮಾತೇ ಇಲ್ಲ.

ಈಗ ಫೀಡ್ ರೀಡರ್. ಇದು ಹೊಸದೇನಲ್ಲ. ಆರ್‌ಎಸ್‌ಎಸ್ ಫೀಡ್, ಅಂದರೆ ಸೈಟು ತನ್ನ ಹೊಸ ಬರಹಗಳನ್ನು ರೀಡರ್‌ಗಳಿಗೆಂದೇ ಪಟ್ಟಿ ಮಾಡಿಡುವ ಪದ್ಧತಿ, ಬಂದದ್ದು 1999ರಲ್ಲಿ. 2013ರಲ್ಲಿ ಗೂಗಲ್ ತನ್ನ ರೀಡರ್ ಮುಚ್ಚಿದಾಗ ಬಹಳ ಜನ ಇದರ ಕಥೆ ಮುಗಿಯಿತು ಅಂದುಕೊಂಡರು. ಫೀಡ್‌ಗಳು ಹಾಗೇ ಉಳಿದಿವೆ. ವರ್ಡ್‌ಪ್ರೆಸ್, ಬ್ಲಾಗರ್ ಸೈಟುಗಳಿಗೆ ಫೀಡ್ ತಾನಾಗಿಯೇ ಇರುತ್ತದೆ, ಯೂಟ್ಯೂಬ್ ಚಾನೆಲ್‌ಗಳಿಗೂ ಇದೆ. ಸೈಟಿನ ವಿಳಾಸ ಹಾಕಿದರೆ ಸಾಮಾನ್ಯವಾಗಿ ರೀಡರೇ ಅದನ್ನು ಹುಡುಕಿಕೊಳ್ಳುತ್ತದೆ.

ನಾನು ಬಳಸುತ್ತಿರುವುದು ಆಂಡ್ರಾಯ್ಡ್‌ನ 'ಫೀಡರ್'. ಪುಕ್ಕಟೆ, ಅಕೌಂಟ್ ಮಾಡಬೇಕಾಗಿಲ್ಲ. ಜಿಲ್ಲೆಯ ಸುದ್ದಿಗೆ ಒಂದು ಸೈಟು, ನಾಲ್ಕಾರು ಬ್ಲಾಗು, ಅಡಿಕೆ ಧಾರಣೆ ಹಾಕುವ ಒಂದು ಸೈಟು ಸೇರಿಸಿಕೊಂಡಿದ್ದೇನೆ. "ಅಡಿಕೆ ದರ ಭಾರಿ ಏರಿಕೆ" ಅಂದರೆ ಬೆಳೆಗಾರರಿಗೆ ಏನೂ ಹೇಳಿದಂತಾಗಲಿಲ್ಲ. ಯಾವ ಬಗೆಯ ಅಡಿಕೆ, ರಾಶಿಯೋ, ಚಾಲಿಯೋ, ಬೆಟ್ಟೆಯೋ? ಯಾವ ಮಾರುಕಟ್ಟೆ? ಅದನ್ನು ತಲೆಬರಹದಲ್ಲೇ ಬರೆಯುವವರನ್ನು ಹುಡುಕಿ ಇಟ್ಟುಕೊಂಡೆ. ಸತಾಯಿಸುವವರನ್ನು ತೆಗೆದುಹಾಕಿದೆ. ಅವರು ಮತ್ತೆ ಬೇರೆ ಬಾಗಿಲಿಂದ ಬರಲಿಲ್ಲ.

ನನಗೆ ಮನಸ್ಸಿಗೆ ಹಿಡಿಸಿದ್ದು ಇನ್ನೊಂದು. ಹೊಸದು ಮೇಲೆ, ಹಳೆಯದು ಕೆಳಗೆ, ಅಷ್ಟೇ ಇಲ್ಲಿಯ ಕ್ರಮ. ಓದುತ್ತಾ ಹೋದರೆ ಪಟ್ಟಿ ಖಾಲಿಯಾಗುತ್ತದೆ. ಸಂಜೆ ಕಾಫಿ ಜೊತೆ ತೆರೆದು, ಮುಗಿದ ಮೇಲೆ ಫೋನ್ ಕೆಳಗಿಡುತ್ತೇನೆ. ಆ್ಯಪ್‌ನಲ್ಲಿ ಎಷ್ಟು ಕೆಳಗೆ ಹೋದರೂ ಕೊನೆ ಅನ್ನುವುದೇ ಇರಲಿಲ್ಲ.

ಕೊರತೆ ಇದೆ. ಕೆಲವು ಸೈಟುಗಳು ಫೀಡಿನಲ್ಲಿ ಎರಡೇ ಸಾಲು ಕೊಡುತ್ತವೆ, ಕೆಲವಕ್ಕೆ ಫೀಡೇ ಇಲ್ಲ. ಕ್ಷಣಕ್ಷಣದ ಕ್ರಿಕೆಟ್ ಸ್ಕೋರ್ ಬೇಕಾದವರಿಗೆ ಇದು ಆಗಿಬರುವುದಿಲ್ಲ. ದಿನಕ್ಕೊಮ್ಮೆ ಕೂತು ಓದುವ ಅಭ್ಯಾಸ ನನಗೆ ಮೊದಲಿಂದಲೂ ಇತ್ತು, ಅದಕ್ಕೇ ಹೊಂದಿಕೊಂಡಿತು. ಖರ್ಚು ಪೇಪರ್ ಬಿಲ್ ಒಂದೇ.

ಚಂದಾ ಕಟ್ಟಿದವರು ಒಂದು ಗಮನಿಸಿ. ಆ್ಯಪ್ ತೆಗೆದುಹಾಕಿದರೆ ಯುಪಿಐ ಆಟೋಪೇ, ಅಂದರೆ ಚಂದಾ ದುಡ್ಡು ತಾನಾಗಿಯೇ ಕಡಿತವಾಗುವ ಏರ್ಪಾಡು, ರದ್ದಾಗುವುದಿಲ್ಲ. ಚಂದಾ ಕಟ್ಟಿದ ಯುಪಿಐ ಆ್ಯಪ್‌ನ ಆಟೋಪೇ ವಿಭಾಗಕ್ಕೆ ಹೋಗಿ ಅಲ್ಲೇ ರದ್ದು ಮಾಡಿ. ದುಡ್ಡು ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ನಮಗೆ ತಿಳಿಸಬೇಕು ಎಂಬ ನಿಯಮವಿದೆ. ಆ ಒಂದು ಮೆಸೇಜನ್ನು ಮಾತ್ರ ಸರಿಸಿಬಿಡಬೇಡಿ.