ಒರಾಕ್‌ನಲ್ಲಿ ಅಶ್ಶುರ್-ಎತೆಲ್-ಇಲಾನಿ: ಬಿಟ್ಟಿ ಸಿಗುತ್ತಾನೆ, ಒಂದೇ ಕಡೆ ಸಿಗುವುದಿಲ್ಲ

ಈಗಿನ ಇರಾಕಿನ ಕಡೆಯ ಪ್ರಾಚೀನ ಅಸ್ಸೀರಿಯಾದ ಅರಸ ಅಶ್ಶುರ್ಬನಿಪಾಲ ಎಲ್ಲರಿಗೂ ಗೊತ್ತು. ಅವನ ಮಗ ಅಶ್ಶುರ್-ಎತೆಲ್-ಇಲಾನಿಯನ್ನು ಕೇಳಿದವರು ಕಡಿಮೆ. ಅಸ್ಸೀರಿಯಾದ ಪ್ರಸಿದ್ಧ ರಾಜಾವಳಿ ಇವರಿಬ್ಬರಿಗಿಂತ ಮೊದಲಿನ 5ನೇ ಶಾಲ್ಮನೆಸರನಿಗೇ, ಅಂದರೆ ಕ್ರಿ.ಪೂ. 722ಕ್ಕೇ ನಿಂತುಬಿಡುತ್ತದೆ. ಇಂಥ ಅರಸನ ಶಾಸನಗಳನ್ನು ಕಲಬುರಗಿಯಲ್ಲಿ ಕೂತು ಓದಲು ಬೆಣೆಲಿಪಿ ಬರಹಗಳ ಒರಾಕ್ ಜಾಲತಾಣಕ್ಕಿಂತ ಒಳ್ಳೆಯ ಜಾಗ ಇಲ್ಲ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ.

ಸೀದಾ ಅಲ್ಲಿನ ರಿನಾಪ್ (ನವ-ಅಸ್ಸೀರಿಯಾ ಕಾಲದ ರಾಜಶಾಸನಗಳ) ಯೋಜನೆಯ 5ನೇ ಭಾಗಕ್ಕೆ ಹೋಗಿ. ಎಡಗಡೆ ಲಿಪ್ಯಂತರ, ಬಲಗಡೆ ಇಂಗ್ಲಿಷ್ ಅನುವಾದ. ಲಿಪ್ಯಂತರದ ಪದ ಒತ್ತಿದರೆ ನಿಘಂಟಿನ ನಮೂದು ತೆರೆಯುತ್ತದೆ. ತೆರೆಯದಿದ್ದರೆ ಬ್ರೌಸರ್‌ನಲ್ಲಿ ಪಾಪ್-ಅಪ್ ತಡೆ ಹಾಕಿದೆಯೇ ನೋಡಿಕೊಳ್ಳಿ. ಫೋನನ್ನು ಅಡ್ಡ ಹಿಡಿಯಿರಿ, ಇಲ್ಲದಿದ್ದರೆ ಎರಡು ಅಂಕಣ ಇಕ್ಕಟ್ಟಾಗುತ್ತವೆ.

ಹೊಸಬರು ಎಡವುವುದು ಹುಡುಕುವಾಗ. ತಲೆಯ ಮೇಲೆ ಗುರುತಿರುವ ಎಸ್ (ನಮ್ಮ ‘ಶ’) ಸಾಮಾನ್ಯ ಕೀಲಿಮಣೆಯಲ್ಲಿರುವುದಿಲ್ಲ. ಅದರ ಬದಲು ಎಸ್ ಮತ್ತು ಝಡ್ ಒತ್ತಬೇಕು. ಅಡಿಯಲ್ಲಿ ಚುಕ್ಕೆಯಿರುವ ಟಿ ಬೇಕಾದರೆ ಟಿ ಜೊತೆ ಅಲ್ಪವಿರಾಮ. ಬರೀ ಎಸ್ ಒತ್ತಿದರೆ ಅದು ಬೇರೆಯದೇ ಅಕ್ಷರ. ದೊಡ್ಡಕ್ಷರದಲ್ಲಿರುವುದು ಸುಮೇರಿಯನ್ ಪದಚಿಹ್ನೆ. ‘ಲುಗಲ್’ ಎಂದು ಬರೆದಿದ್ದರೂ ಅಕ್ಕಾಡಿಯನ್ನಿನಲ್ಲಿ ಓದುವುದು ‘ಶರ್ರು’, ಅಂದರೆ ಅರಸ. ಚೌಕ ಕಂಸದೊಳಗಿನದು ಒಡೆದುಹೋದ ಭಾಗವನ್ನು ಸಂಪಾದಕರು ತುಂಬಿದ್ದು. ಸನ್ನತಿ, ಕನಗನಹಳ್ಳಿಯ ಶಾಸನಪಾಠ ಓದಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಇನ್ನು ಸರಕು. ಯುದ್ಧದ ಆರ್ಭಟ ಹುಡುಕಿ ಬಂದವರಿಗೆ ನಿರಾಶೆ ಖಚಿತ. ಅಸ್ಸೀರಿಯಾದ ಕಲ್ಹು ನಗರದಲ್ಲಿ ನಬು ದೇವರ ಎಜಿದಾ ಗುಡಿಗೆ ಹಾಕಿಸಿದ ಇಟ್ಟಿಗೆಗಳ ಮೇಲಿನ ಚಿಕ್ಕ ಬರಹ, ದಕ್ಷಿಣದ ಬ್ಯಾಬಿಲೋನಿಯಾದ ಗುಡಿಗಳಿಗೆ ಮಾಡಿಸಿದ ಕೆಲಸ, ಕೊಟ್ಟ ಕಾಣಿಕೆ, ಇಷ್ಟೇ. ಆದರೆ ಒಂದು ಬರಹಕ್ಕಾಗಿಯಾದರೂ ಈ ಪುಟ ತೆರೆಯಲೇಬೇಕು. ಬ್ಯಾಬಿಲೋನಿಯಾದ ಕಲ್ದಿಯರ ಬಿತ್-ದಕ್ಕೂರಿ ಬಣದ ನಾಯಕ ಶಮಶ್-ಇಬ್ನಿಯನ್ನು ಅಶ್ಶುರ್ಬನಿಪಾಲನ ತಂದೆ ಎಸರ್‌ಹದ್ದೋನ್ ಕ್ರಿ.ಪೂ. 678ರಲ್ಲಿ ಕೊಲ್ಲಿಸಿದ್ದ. ಕೊಲ್ಲಿಸಿದವನ ಮೊಮ್ಮಗನಾದ ಈ ಅರಸ ಅವನ ಅವಶೇಷಗಳನ್ನು ಅಸ್ಸೀರಿಯಾದಿಂದ ಅವನ ನಾಡಿಗೇ ಕಳಿಸಿ ಗೋರಿ ಮಾಡಿಸಿದ, ಗೋರಿ ಕೆಡಿಸಿದವರಿಗೆ ಶಾಪವನ್ನೂ ಬರೆಸಿದ. ತಾತನ ಕಡು ವೈರಿಗೆ ಮೊಮ್ಮಗ ಕೊಟ್ಟ ಮರ್ಯಾದೆ ನೋಡ್ರಿ! ದಕ್ಷಿಣದ ಕಲ್ದಿಯರನ್ನು ಒಲಿಸಿಕೊಳ್ಳುವ ಲೆಕ್ಕಾಚಾರವೂ ಇದರಲ್ಲಿ ಇದ್ದೀತು.

ಕೊರತೆ ಇರುವುದು ಜೋಡಣೆಯಲ್ಲಿ. ಅರಸ ಒಬ್ಬ, ಕಪಾಟು ಮೂರು. ಚಿಕ್ಕವನಿದ್ದಾಗ ತನ್ನನ್ನು ಕಾಪಾಡಿ ಗದ್ದುಗೆಗೆ ಕೂರಿಸಿದ ಮುಖ್ಯ ಖೋಜಾ ಸಿನ್-ಶುಮು-ಲಿಶಿರ್‌ನನ್ನು ಅವನು ನೆನೆಯುವ ದಾನಪತ್ರಗಳು ರಿನಾಪ್‌ನಲ್ಲಿಲ್ಲ. ಅಸ್ಸೀರಿಯಾದ ರಾಜ್ಯದಾಖಲೆಗಳ ಯೋಜನೆಯ 12ನೇ ಸಂಪುಟಕ್ಕೆ ಹೋಗಬೇಕು. ಆಳ್ವಿಕೆಯ ಕಾಲ ತಿಳಿಯಲು ಬೇಕಾದ ಅದದ್-ಗುಪ್ಪಿಯ (ಬ್ಯಾಬಿಲೋನಿನ ಕೊನೆಯ ಅರಸ ನಬೊನಿಡಸನ ತಾಯಿ) ಹರ್ರಾನ್ ಊರಿನ ಶಾಸನ ಬ್ಯಾಬಿಲೋನಿಯಾದ ರಾಜಶಾಸನಗಳ ಯೋಜನೆಯಲ್ಲಿದೆ.

ಅದನ್ನು ಓದದೆ ರಿನಾಪ್ ತಲೆಬರಹದ ‘ಕ್ರಿ.ಪೂ. 630–627’ ಅನ್ನು ಕಲ್ಲಿನಲ್ಲಿ ಕೆತ್ತಿದ್ದೆಂದು ನಂಬಬೇಡಿ. ಅದದ್-ಗುಪ್ಪಿ ಅಶ್ಶುರ್ಬನಿಪಾಲನಿಗೆ 42 ವರ್ಷ, ಮಗನಿಗೆ 3 ವರ್ಷ ಕೊಡುತ್ತಾಳೆ. 668ರಿಂದ 42 ವರ್ಷ ಎಣಿಸಿದರೆ 627. ಮೇಲೆ 3 ಸೇರಿಸಿದರೆ, 626ರಲ್ಲೇ ಬ್ಯಾಬಿಲೋನಿನಲ್ಲಿ ಪಟ್ಟವೇರಿದ ನಬೊಪೊಲಸ್ಸರನ ಮೇಲೆ ಹೋಗಿ ಬೀಳುತ್ತದೆ. ಬ್ಯಾಬಿಲೋನಿಯಾದ ನಿಪ್ಪುರ್ ಊರಿನ ವ್ಯವಹಾರ ಪತ್ರಗಳಲ್ಲೋ ತಂದೆಯ ಹೆಸರಿನ ತೇದಿ 38ನೇ ವರ್ಷಕ್ಕೇ (631) ನಿಂತು, ಮಗನ ತೇದಿ 4ನೇ ವರ್ಷದವರೆಗೆ ಬರುತ್ತದೆ. 630–627 ಹುಟ್ಟಿದ್ದು ಈ ಪತ್ರಗಳಿಂದ. ಅಲ್ಲಿನದೇ ಉರುಕ್ ಊರಿನ ರಾಜಾವಳಿಯಲ್ಲಂತೂ ಈತನ ಹೆಸರೇ ಇಲ್ಲ. ಸೆಮಿನಾರ್ ಪತ್ರಿಕೆ ಬರೆಯುವವರು ಮೂರೂ ಪುಟ ತೆರೆದಿಟ್ಟುಕೊಂಡೇ ಕೂರಬೇಕು.

ಫಲಕದ ಚಿತ್ರ ಬೇಕಿದ್ದರೆ, ಪಿ ಅಕ್ಷರದಿಂದ ಶುರುವಾಗುವ ಅದರ ಸಂಖ್ಯೆ ಹಿಡಿದು ಬೆಣೆಲಿಪಿ ಫಲಕಗಳ ಸಿಡಿಎಲ್ಐ ತಾಣದಲ್ಲಿ ಹುಡುಕಿ. ಎಲ್ಲದಕ್ಕೂ ಚಿತ್ರ ಇರುವುದಿಲ್ಲ.

ಮುದ್ರಣಕ್ಕೆ ಒಂದು ಮಾತು. ಸೂಪರ್ ಮಾರ್ಕೆಟ್ ಕಡೆ ಝೆರಾಕ್ಸ್ ಅಂಗಡಿಗೆ ವರ್ಡ್ ಕಡತ ಒಯ್ದರೆ, ಅಲ್ಲಿನ ಕಂಪ್ಯೂಟರಿನಲ್ಲಿ ತಕ್ಕ ಫಾಂಟ್ ಇಲ್ಲದಿದ್ದಾಗ ಚುಕ್ಕೆ-ಗೆರೆಯ ಅಕ್ಷರಗಳೆಲ್ಲ ಖಾಲಿ ಡಬ್ಬಿಗಳಾಗುತ್ತವೆ. ಮನೆಯಲ್ಲೇ ಪಿಡಿಎಫ್ ಮಾಡಿ, ಎ4 ಹಾಳೆಯನ್ನು ಅಡ್ಡಕ್ಕಿಟ್ಟು ಪ್ರಿಂಟ್ ತೆಗೆಸಿ. ತರಗತಿಯಲ್ಲಿ ಹಂಚಲು ಅಡ್ಡಿಯಿಲ್ಲ; ಯೋಜನೆಯ ಹೆಸರು ಹಾಕಬೇಕು, ತಿದ್ದಿ ಹಂಚಿದರೆ ಅದೇ ಪರವಾನಗಿಯಲ್ಲಿ ಹಂಚಬೇಕು.